ಮಾವ ಕಟ್ಟಿದ ಮುದ್ದೆ

೧೮ ನವೆಂಬರ್, ಮಂಗಳವಾರ. ಕುಂದಾಣ.

ಇನ್ನೂ ನಂಬಲಾಗುತ್ತಿಲ್ಲ. ನನ್ನ ಎಡಗೈ ಉಳುಕಿದೆ, ಇವತ್ತು ಅನ್ನವೇ ಸಾಕು ಅಂದೆ. ಕುಡಿಯುವ ನೀರನ್ನೂ ತಾವಾಗಿ ತೆಗೆದುಕೊಳ್ಳದ ಮಾವ ಎದ್ದು ಬಂದು, ಎಸರಿಗೆ ರಾಗಿ ಹಿಟ್ಟು ಹಾಕಿ, ಕೋಲಿನಲ್ಲಿ ತಿರುವಿ, ಒಂದೂ ಗಂಟಿಲ್ಲದೆ ಮುದ್ದೆ ಕಟ್ಟಿದರು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

“ಯಾವಾಗ ಕಲಿತ್ರಿ ಮಾವ?”

“ನಿನ್ ಗಂಡ ಹುಟ್ಟಿದ್ಮೇಲೆ ನಿಮ್ಮತ್ತೆ ಕೈಗೆ ಬಲಾನೇ ಬರ್ಲಿಲ್ಲ ಕಣವ್ವ. ನೀನು ಬರೋಗಂಟ ಅಡ್ಗೆಮನೆ ಬಾಗ್ಲು ಹಾಕ್ಕೊಂಡು ನಾನೇ ಮಾಡ್ತಿದ್ದೆ. ಜನ ನಗ್ತಾರೆ, ಯಾರ್ಗೂ ಹೇಳ್ಬೇಡಿ, ಮಗಂಗೂ ಬೇಡ ಅಂದಿದ್ಲು. ಈಗ ಅವ್ಳೇ ಇಲ್ವಲ್ಲ.”

ಸೊಪ್ಪಿನ ಸಾರಲ್ಲಿ ಅದ್ದಿದ ತುತ್ತನ್ನು ತಟ್ಟೆಗೇ ಇಟ್ಟೆ.

ಒಂಬತ್ತು ವರ್ಷದಿಂದ ನನ್ನ ಗಂಡ ಊಟಕ್ಕೆ ಕೂತಾಗಲೆಲ್ಲ ಹೇಳುವುದು ಒಂದೇ ಮಾತು: “ಅಮ್ಮನ ಕೈ ಮುದ್ದೆ ನಿಂಗೆ ಬರ್ಲೇ ಇಲ್ಲ.” ಪಿಲ್ಲಗುಂಪೆಯ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಅವರು ಬರುವ ಹೊತ್ತಾಯಿತು. ಈ ಮುದ್ದೆಯನ್ನೇ ಬಡಿಸುತ್ತೇನೆ. ಯಾರು ಮಾಡಿದ್ದು ಅಂತ ಕೇಳಿದರೆ ನಾನು— ಬಾಗಿಲು ತಟ್ಟುತ್ತಿದ್ದಾರೆ, ಬಂದರು.