ಎಲ್ಲ ಭಾನುವಾರಕ್ಕೂ ಒಂದೇ ಫ್ಯಾನು

ಮನೆ, ಮಹಡಿಯ ಕೋಣೆ
ನವೆಂಬರ್ 12, ಬುಧವಾರ

ಪ್ರೀತಿಯ ಅಕ್ಕಾ,

ಒಂದು ಮಾತನ್ನು ಬಿಟ್ಟೇ ಈ ಪತ್ರ ಮುಗಿಸುವವಳಿದ್ದೆ. ನಿನ್ನೆ ಎರಡು ಪುಟ ಬರೆದೆ. ಅಮ್ಮನ ಮಂಡಿನೋವು, ಸೋರುವ ನಲ್ಲಿ, ಪಕ್ಕದ ಮನೆಯವರ ಹೊಸ ನಾಯಿ, ಎಲ್ಲ ಇತ್ತು. ಆ ಮಾತೊಂದು ಇರಲಿಲ್ಲ. ಓದಿ ನೋಡಿದರೆ ಅದು ಯಾರಿಗೆ ಬೇಕಾದರೂ ಕಳಿಸಬಹುದಾದ ಕಾಗದ. ಹರಿದು ಹಾಕಿ ಮತ್ತೆ ಕೂತಿದ್ದೇನೆ. ಹೇಗಿದ್ದೀಯ? ರೂಢಿಗೆ ಕೇಳುತ್ತಿಲ್ಲ, ಉತ್ತರ ಬೇಕಾಗಿ ಕೇಳುತ್ತಿದ್ದೇನೆ. ಭಾವ ಹೇಗಿದ್ದಾರೆ? ಅಮ್ಮ ಚೆನ್ನಾಗಿದ್ದಾಳೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳುತ್ತದೆ.

ನಾನು ರೆಕಾರ್ಡಿಂಗ್ ಕಲಿಯಲು ಸಂಜೆ ತರಗತಿಗೆ ಹೋಗುತ್ತಿರುವುದು ನಿನಗೆ ಗೊತ್ತು. ನಮ್ಮ ಗ್ರಂಥಾಲಯದಲ್ಲಿ ಕಣ್ಣು ಕಾಣದವರಿಗಾಗಿ ಪುಸ್ತಕ ಓದಿಸಿ ಧ್ವನಿಮುದ್ರಿಸುವ ಕೆಲಸ ಶುರುವಾಗಿದೆ. ಓದುವವರು ಬೇರೆ, ಗಾಜಿನ ಈಚೆ ಕೂತು ರೆಕಾರ್ಡ್ ಮಾಡುವವಳು ನಾನು. ನಲವತ್ತು ದಾಟಿದ ಮೇಲೆ ಪಾಠಕ್ಕೆ ಕೂತರೆ ಪಕ್ಕದ ಹುಡುಗಿಯರು ಆಂಟಿ ಎಂದು ಪೆನ್ನು ಕೇಳುತ್ತಾರೆ. ಕಲಿಸುವವರಿಗೆ ನಾವಿಟ್ಟ ಹೆಸರು ಸದ್ದಿಲ್ಲದ ಮೇಷ್ಟ್ರು. ಮೊದಲ ದಿನವೇ ಎಲ್ಲರನ್ನೂ ಅಲ್ಲಾಡದಂತೆ ಕೂರಿಸಿ ಬರೀ ಕೋಣೆಯನ್ನು ರೆಕಾರ್ಡ್ ಮಾಡಿಸಿದರು. ಹೆಡ್‌ಫೋನ್ ಹಾಕಿ ಕೇಳಿದರೆ ಆ ಸುಮ್ಮನಿದ್ದ ಕೋಣೆಯ ತುಂಬ ಸದ್ದು: ಟ್ಯೂಬ್‌ಲೈಟಿನ ಗುಂಯ್, ಗೋಡೆಯೊಳಗಿನ ನೀರಿನ ಪೈಪು, ಯಾರದೋ ಹಸಿದ ಹೊಟ್ಟೆ. "ನಿಮ್ಮ ಕಿವಿಗೆ ದಾಕ್ಷಿಣ್ಯ ಇದೆ, ಬೇಡದ್ದನ್ನ ಬಿಟ್ಟುಬಿಡತ್ತೆ. ಮೈಕಿಗೆ ಅದಿಲ್ಲ" ಎಂದರು. ಅವತ್ತಿನಿಂದ ನನ್ನ ಕಿವಿಯ ದಾಕ್ಷಿಣ್ಯವೂ ಕಡಿಮೆಯಾಗುತ್ತಿದೆ. ಅಲ್ಲಿಂದಲೇ ಶುರುವಾಯಿತು ನೋಡು ತೊಂದರೆ.

ನೀನು ಪ್ರತಿ ಭಾನುವಾರ ಅಮ್ಮನಿಗೆ ಮಾತು ರೆಕಾರ್ಡ್ ಮಾಡಿ ಕಳಿಸುತ್ತೀಯಲ್ಲ, ಅದರ ಹಿಂದೆ ನಿನ್ನ ಫ್ಯಾನಿನ ಗುಂಯ್ ಇರುತ್ತದೆ. ಅಮ್ಮನ ಬಲಗಿವಿಗೆ ಅದರಲ್ಲಿ ಮಾತು ಸಿಗುವುದಿಲ್ಲ. ಹಾಗಾಗಿ ಕಲಿತ ವಿದ್ಯೆಯನ್ನು ಮನೆಯಲ್ಲೇ ಪ್ರಯೋಗಿಸಿದೆ. ಮಾತಿಲ್ಲದ ಒಂದೆರಡು ಕ್ಷಣವನ್ನು ಕಂಪ್ಯೂಟರಿಗೆ ತೋರಿಸಿ, ಇದೇ ಗದ್ದಲ ಎಂದು ಗುರುತು ಹಾಕಿಕೊಟ್ಟರೆ, ಅದು ಇಡೀ ರೆಕಾರ್ಡಿಂಗಿನಿಂದ ಅಷ್ಟನ್ನೇ ಸೋಸಿ ತೆಗೆಯುತ್ತದೆ. ಆದರೆ ಒಂದು ದಿನದ ಗುರುತು ಇನ್ನೊಂದು ದಿನಕ್ಕೆ ಸರಿಯಾಗಿ ಕೂರುವುದಿಲ್ಲ, ಬೇರೆಯವರ ಅಳತೆಯ ಅಂಗಿಯ ಹಾಗೆ. ಹೊಂದದಿದ್ದರೆ ಮಾತು ಕೊಡದೊಳಗಿಂದ ಬಂದಂತಿರುತ್ತದೆ. ಒಂದು ಭಾನುವಾರ ನಾನು ಸೋಮಾರಿತನದಿಂದ ಹಿಂದಿನ ವಾರದ ಗುರುತನ್ನೇ ಹಾಕಿದೆ. ನಿನ್ನ ದನಿ ತೊಳೆದಿಟ್ಟ ಲೋಟದ ಹಾಗೆ ಹೊರಬಂತು. ಅದಕ್ಕೂ ಹಿಂದಿನದಕ್ಕೆ ಹಾಕಿದೆ. ಆಗಸ್ಟಿನದಕ್ಕೆ ಹಾಕಿದೆ. ಎಲ್ಲಕ್ಕೂ ಕೂತಿತು.

ಅದೇ ಕೋಣೆ, ಅದೇ ಫ್ಯಾನು, ಕೂರದೆ ಏನು ಎಂದು ನೀನು ಕೇಳುತ್ತೀಯ. ನಾನೂ ಹಾಗೇ ಕೇಳಿಕೊಂಡೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನನ್ನದೂ ಅದೇ ಉತ್ಸಾಹ ಇರಬಹುದೆಂದು ನಮ್ಮ ಅಡುಗೆಮನೆಯನ್ನೇ ಬೇರೆ ಬೇರೆ ದಿನ ರೆಕಾರ್ಡ್ ಮಾಡಿ ನೋಡಿದೆ. ಅದೇ ಫ್ರಿಜ್ಜು, ಅದೇ ಕಿಟಕಿ, ಆದರೂ ಒಂದರ ಗುರುತು ಇನ್ನೊಂದಕ್ಕೆ ಕೂರಲಿಲ್ಲ. ಅಷ್ಟಾಗಿಯೂ ಸುಮ್ಮನಿರುತ್ತಿದ್ದೆನೇನೋ. ಆದರೆ ಕಳೆದ ಭಾನುವಾರ ನೀನು "ಇಲ್ಲಿ ಚಳಿ ಶುರುವಾಯ್ತಮ್ಮ, ಪೆಟ್ಟಿಗೆಯಿಂದ ಸ್ವೆಟರ್ ತೆಗೆದೆ" ಎಂದೆ. ಹಿಂದೆ ಅದೇ ಫ್ಯಾನು ಟಿಕ್ ಟಿಕ್ ಎಂದು ಜೋರಾಗಿ ತಿರುಗುತ್ತಿತ್ತು. ಸೆಪ್ಟೆಂಬರಿನ ಒಂದು ಭಾನುವಾರ ನಿನ್ನ ಮಾತು ಮುಗಿಯುವಾಗ ದೂರದಲ್ಲಿ ಯಾರೋ ಮೊಳೆ ಹೊಡೆಯಲು ತೊಡಗುತ್ತಾರೆ. ಮುಂದಿನ ಭಾನುವಾರದ ಮಾತು ಶುರುವಾಗುವಾಗ ಅದೇ ಮೊಳೆ ಇನ್ನೂ ಒಳಗೆ ಹೋಗುತ್ತಿದೆ. ಒಂದು ವಾರ ಬಿಡದೆ ಹೊಡೆಯುವಂಥ ಮೊಳೆ ಯಾವುದು ಅಕ್ಕಾ?

ಈ ಮಾತುಗಳನ್ನೆಲ್ಲ ನೀನು ಒಂದೇ ದಿನ ಕೂತು ಆಡಿಟ್ಟಿದ್ದೀಯ. ವಾರಕ್ಕೊಂದರಂತೆ ಕಳಿಸುತ್ತಿದ್ದೀಯ. ಹೀಗೆ ಬರೆಯಲು ನನಗೇ ನಾಚಿಕೆ. ಒಡಹುಟ್ಟಿದವಳ ಮಾತನ್ನು ಪೊಲೀಸರ ಹಾಗೆ ಕೇಳುವುದು ಒಳ್ಳೆಯ ಬುದ್ಧಿಯಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತೀಯ. ಮೊದಲು ಭಾವನ ಮೇಲೂ ಅನುಮಾನ ಬಂತು. ನಾನು ಯಾವಾಗ ಫೋನ್ ಮಾಡಿದರೂ ಎತ್ತುವವರು ಅವರೇ. ನೀನು ಸ್ನಾನಕ್ಕೆ ಹೋಗಿರುತ್ತೀಯ. ಅಷ್ಟು ಸ್ನಾನ ಮಾಡಿದ್ದರೆ ಈ ಹೊತ್ತಿಗೆ ಸೋಪಿನ ಹಾಗೆ ಕರಗಿರಬೇಕಿತ್ತು. ಆದರೆ ನನ್ನ ಮೆಸೇಜಿಗೆ ಬರೆದು ಕಳಿಸುವ ಉತ್ತರ ನಿನ್ನದೇ. ಇಂಗ್ಲಿಷ್ ಶಾಲೆಯಲ್ಲಿ ಓದಿದ ತಂಗಿಯ ಕನ್ನಡವನ್ನು ಈಗಲೂ ತಿದ್ದಿ ಕಳಿಸುವವಳು ನೀನೊಬ್ಬಳೇ. ನೀನಿದ್ದೀಯ, ಬರೆಯುತ್ತೀಯ, ಮಾತಾಡುವುದಿಲ್ಲ. ಅಮ್ಮನೂ ಒಮ್ಮೆ ಕೇಳಿದಳು: "ನಾನು ಕೇಳಿದ್ದಕ್ಕೆ ಒಂದಕ್ಕಾದರೂ ಉತ್ತರ ಹೇಳ್ತಾಳೇನೇ ಇವಳು?" ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು: "ಚಿಕ್ಕಂದಿನಿಂದ ಹಂಗೇ ಬಿಡು. ಕೇಳಿದ್ದು ಹೇಳಲ್ಲ, ಹೇಳಿದ್ದು ಕೇಳಲ್ಲ."

ಇದನ್ನು ಫೋನಿನಲ್ಲಿ ಕೇಳಿದರೆ ನೀನು ಒಂದು ನಗುವ ಮುಖ ಕಳಿಸಿ ಮುಗಿಸುತ್ತೀಯ. ಅದಕ್ಕೇ ಕಾಗದ. ಕಾಗದಕ್ಕೆ ಥಟ್ಟನೆ ಸುಳ್ಳು ಹೇಳುವುದು ಕಷ್ಟ. ಭಾವನಿಗೆ ನನ್ನ ನಮಸ್ಕಾರ ತಿಳಿಸು, ಅನುಮಾನಪಟ್ಟಿದ್ದನ್ನು ತಿಳಿಸಬೇಡ. ಅಮ್ಮನ ಆಶೀರ್ವಾದ ಇಬ್ಬರಿಗೂ. ಬೆಚ್ಚಗಿರು.

ನಿನ್ನ
ತಂಗಿ

ತಾ.ಕ.: ಅಕ್ಕಾ, ನಿನ್ನ ಗಂಟಲಿಗೆ ಏನಾಗಿದೆ? ಮೇ ತಿಂಗಳಲ್ಲಿ ಬಂದಾಗ ನಿನ್ನ ದನಿ ಒಡೆದಿತ್ತು. ಕೇಳಿದರೆ "ತರಗತೀಲಿ ಅರಚೀ ಅರಚೀ ಹಿಂಗಾಗಿದೆ, ಮಕ್ಕಳಿಗೆ ನನ್ನ ದನಿ ಅಂದ್ರೆ ಶಾಲೆ ಗಂಟೆ ಇದ್ದಂಗೆ" ಎಂದು ನಕ್ಕೆ. ಈಗ ಆ ರೆಕಾರ್ಡಿಂಗುಗಳನ್ನು ಸಾಲಾಗಿ ಕೇಳಿದರೆ ಆಗಸ್ಟಿನಿಂದ ಈಚೆಗೆ ದನಿ ಇಳಿಯುತ್ತಾ ಬರುತ್ತದೆ. ನಡುವೆ ನೀರು ಕುಡಿದು ಲೋಟ ಇಡುವುದೂ ಕೇಳುತ್ತದೆ. ಗಂಟಲಿಗೇನಾದರೂ ಆಪರೇಷನ್ ಆಯಿತಾ? ಅದಕ್ಕೆ ಹೋಗುವ ಮುಂಚೆ, ದನಿ ಉಳಿಯುತ್ತದೋ ಇಲ್ಲವೋ ಎಂದು, ಅಮ್ಮನಿಗಾಗಿ ಕೂಡಿಟ್ಟೆಯಾ? ಅಮ್ಮನಿಗೂ ಇದು ಗೊತ್ತೇನೋ ಎಂದು ನನಗೆ ಅನುಮಾನ. ಕಳೆದ ವಾರ ನಿನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಲು ಹೇಳಿದಳು. "ಇಷ್ಟು ಸಾಕು. ಉಳಿದದ್ದು ಇರಲಿ, ಬೇಕಾಗತ್ತೆ" ಎಂದಳು. ನನ್ನದು ಬರೀ ಭ್ರಮೆಯಾದರೆ ಇವತ್ತಿನ ತಾರೀಖು ಹೇಳಿ, ಬಾಯಿ ತುಂಬ ಬೈದು ಕಳಿಸು. ನಿಜವಾದರೆ ಮಾತು ಬೇಡ. ಒಂದೇ ಒಂದು ಚಪ್ಪಾಳೆ ತಟ್ಟಿ ಕಳಿಸು. ಮಾರ್ದನಿಯಿಂದ ಕೋಣೆಯ ಅಳತೆ ತಿಳಿಯಲು ನಮಗೆ ಕಲಿಸಿರುವುದೂ ಅದನ್ನೇ. ನೀನು ಮನೆಯಲ್ಲಿದ್ದೀಯೋ ಆಸ್ಪತ್ರೆಯಲ್ಲೋ ಅದರಿಂದಲೇ ಗೊತ್ತುಮಾಡಿಕೊಂಡು ಹೊರಟು ಬರುತ್ತೇನೆ. ಬಂದರೆ ನಿನ್ನನ್ನು ಮಾತಾಡಿಸುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ. ಈ ಭಾನುವಾರ ಇನ್ನೊಮ್ಮೆ ಕೇಳುತ್ತೇನೆ. ಫ್ಯಾನು ಬೇರೆಯಾಗಿದ್ದರೆ ಇದನ್ನು ಹರಿದು ಹಾಕುತ್ತೇನೆ, ನಿನಗೆ ತಿಳಿಯುವುದೇ ಇಲ್ಲ. ಅದೇ ಫ್ಯಾನಾದರೆ ಅಂಚೆಗೆ ಹಾಕುವುದು ಮಾರನೆಯ ದಿನ, ಸೋಮವಾರ, ನವೆಂಬರ್ 17.