ಸೋಮವಾರದ ಮಾತ್ರೆ

ಕರೋಲ್ ಬಾಗ್, ದೆಹಲಿ
ಸೋಮವಾರ, ೧೩ ನವೆಂಬರ್ ೨೦೦೬

ತಂಗಿ ದೇವಕಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದ.

ಇವತ್ತು ಕಾರ್ತಿಕ ಸೋಮವಾರ, ಉಪವಾಸ. ಹೊಸ್ತಿಲು ತೊಳೆದು, ದೇವರಿಗೆ ದೀಪ ಹಚ್ಚಿ, ನಮ್ಮ ಹೋಟೆಲಿನ ಚಟ್ನಿಗೆ ಕಾಯಿ ತುರಿದು ಕೊಟ್ಟು ಕೂತಿದ್ದೇನೆ. ಫೋನಿನಲ್ಲಾದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮನೆಯಲ್ಲಿದ್ದು ಓದುತ್ತಿರುವ ನನ್ನ ಮಗಳು ನಿರೀಕ್ಷಾ ರಜೆಗೆಂದು ಬಂದವಳು ಹೋದ ಸೋಮವಾರ ವಾಂತಿ ಮಾಡಿಕೊಂಡು ಕುಸಿದು ಕೂತಳು. ಮದುವೆಯಾಗದ ಹುಡುಗಿ ಹಾಗೆ ವಾಂತಿ ಮಾಡಿದರೆ ಹೆತ್ತವಳ ಮನಸ್ಸು ಎಲ್ಲಿಗೆ ಹೋಗುತ್ತದೆ, ಹೇಳು. ದೀಪ ಮುಟ್ಟಿ ಆಣೆ ಮಾಡು ಎಂದೆ. ಅಮ್ಮಾ, ಐಸಾ ಕುಛ್ ನಹೀ ಹೈ, ಅಂಥದ್ದೇನೂ ಇಲ್ಲ, ಇದು ಚಿಕ್ಕಮ್ಮ ಕೊಡಿಸಿದ್ದು ಎಂದು ಪರ್ಸಿನಿಂದ ಮಾತ್ರೆ ತೆಗೆದಿಟ್ಟು ಅತ್ತಳು.

ನಮ್ಮ ಡಾಕ್ಟರಿಗೆ ತೋರಿಸಿದೆ. ಅವಳಿಗೆ ಮುಟ್ಟು ಸರಿಯಾಗಿ ಆಗುತ್ತಿಲ್ಲವಂತೆ, ರಕ್ತದಲ್ಲಿ ಇನ್ಸುಲಿನ್ ಹೆಚ್ಚಂತೆ. ಸಕ್ಕರೆ ಕಾಯಿಲೆಯ ಮಾತ್ರೆಯೇ ಇದು, ಇನ್ಸುಲಿನ್ ಇಳಿಸುತ್ತದೆ, ಕೆಲವರಿಗೆ ಮೈಯೂ ಇಳಿಯುತ್ತದೆ ಎಂದರು. ಊಟದ ಜೊತೆ ನುಂಗುವುದನ್ನು ಉಪವಾಸದಲ್ಲಿ ನುಂಗಿದರೆ ಹೊಟ್ಟೆ ಕೆಡದೆ ಇನ್ನೇನಾಗುತ್ತದೆ ಎಂದು ನನಗೇ ಬೈದರು.

ನೀನು ಅವಳನ್ನು ಡಾಕ್ಟರಿಗೆ ತೋರಿಸಿದ್ದು ತಪ್ಪಲ್ಲ, ದೇವಕಿ. ಆದರೆ ಒಳ್ಳೆಯ ಗಂಡ ಸಿಗಲೆಂದು ನಾನು ಹದಿನಾರು ಸೋಮವಾರದ ವ್ರತ ಹಿಡಿಸಿದ್ದು, ಅವಳು ಮಾತ್ರೆ ನುಂಗಿ ಸಂಜೆಯವರೆಗೆ ಹಸಿದಿರುವುದು, ಎರಡೂ ನಿನಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ನಾನೇ ವ್ರತ ಬಿಡಿಸುತ್ತಿದ್ದೆ. ಶಿವನೇನು ಹೆಣ್ಣುಮಕ್ಕಳ ಹೊಟ್ಟೆ ಉರಿಸುವವನೇ? ಮಗಳು ಸಣ್ಣಗಾದದ್ದು ವ್ರತದ ಫಲ ಎಂದು ಭಜನೆಯಲ್ಲಿ ಎಲ್ಲರೆದುರು ನಾನು ಹೇಳಿದೆ. ಪಕ್ಕದಲ್ಲೇ ತಾಳ ಹಿಡಿದು ಕೂತಿದ್ದ ನೀನು, ಹೌದಕ್ಕ, ನಂಬಿದವರಿಗೆ ಇಂಬುಂಟು ಎಂದೆಯಲ್ಲ.

ಅಮ್ಮನಿಗೆ ಹೇಳಬೇಡ, ಅವಳ ಬಾಯಿ ನಿಲ್ಲುವುದಿಲ್ಲ, ಕೂಡಿಬಂದ ಸಂಬಂಧ ಮುರಿಯುತ್ತದೆ ಎಂದು ನಿರೀಕ್ಷಾಳಿಗೆ ಹೇಳಿದೆಯಂತೆ. ಮುಚ್ಚಿಟ್ಟು ಹೆಣ್ಣು ಕೊಡುವವಳಲ್ಲ ನಾನು. ಮಾನೇಸರಿನಲ್ಲಿರುವ ಗಂಡಿನ ತಾಯಿ ಲೀಲಮ್ಮನವರಿಗೆ ಈಗಲೇ ಫೋನ್ ಮಾಡಿ ಹೇಳುತ್ತೇನೆ. ಮುರಿದರೆ ಮುರಿಯಲಿ.

ನನ್ನಿಂದ ಯಾಕೆ ಮುಚ್ಚಿಟ್ಟೆ, ಅಷ್ಟು ಬರೆ. ಗುರುವಾರ ನಿನ್ನ ಭಾವ ಗ್ರೇಟರ್ ನೋಯ್ಡಾಕ್ಕೆ ಬರುತ್ತಾರೆ, ಉತ್ತರ ಅವರ ಕೈಗೆ ಕೊಡು.

ಇಂತಿ,
ನಿನ್ನ ಅಕ್ಕ ಲೋಲಾಕ್ಷಿ

ತಾ.ಕ.: ಲೀಲಮ್ಮನವರಿಗೆ ಹೇಳಿದೆ. ಅವರು ನಕ್ಕು, ಅದನ್ನೆಲ್ಲ ಹೆಣ್ಣು ನೋಡಿದ ದಿನವೇ ದೇವಕಿ ಹೇಳಿದ್ದಾರೆ, ನಮ್ಮದೇನೂ ಅಭ್ಯಂತರವಿಲ್ಲ, ನೀವು ಅಡುಗೆಮನೆಯಲ್ಲಿದ್ದಿರೇನೋ, ನಿಮ್ಮ ಯಜಮಾನರೂ ಅಲ್ಲೇ ಕೂತಿದ್ದರಲ್ಲ ಎಂದರು. ಮುಚ್ಚಿಟ್ಟದ್ದು ನನ್ನೊಬ್ಬಳಿಂದಲೇ. ಉತ್ತರವನ್ನು ನಿನ್ನ ಭಾವನ ಕೈಗೆ ಕೊಡಬೇಡ. ನಿರೀಕ್ಷಾ ಬಂದು ತೆಗೆದುಕೊಳ್ಳಲಿ. ಆಣೆ ಹಾಕಿಸಿದ ಮೇಲಾದರೂ ನನಗೆ ನಿಜ ಹೇಳಿದವಳು ಅವಳೊಬ್ಬಳೇ.