ತೆರೆದ ಕೂಡಲೇ ಕಾಣುವ ಮುಖ

ಟಿಳಕವಾಡಿ, ಬೆಳಗಾವಿ
ಬುಧವಾರ, ೧೨ ಫೆಬ್ರುವರಿ ೨೦೨೫

ಚಿ. ಸೌ. ಐಶ್ವರ್ಯಾಳಿಗೆ,

ನಿಮ್ಮೆಲ್ಲರ ಕ್ಷೇಮವನ್ನು ಕೇಳುವ ಅಗತ್ಯವಿಲ್ಲ. ನಿನ್ನೆ ಸಂಜೆಯೇ ಫೋನಿನಲ್ಲಿ ಕೇಳಿದ್ದೇನೆ. ಹಾಗಿದ್ದ ಮೇಲೆ ಈ ಕಾಗದ ಯಾಕೆ ಎಂದು ನಿನಗೆ ಅನಿಸಬಹುದು. ನೀನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತೀ. ಒಂದು ಬದಿಗೆ ಅಪ್ಪ, ಇನ್ನೊಂದು ಬದಿಗೆ ನನ್ನ ತಮ್ಮ. ಮೂವರಿಗೂ ಕೇಳುವಂತೆ ಹೇಳುವ ಮಾತಲ್ಲ ಇದು. ನಮ್ಮ ಫೌಂಡ್ರಿಯ ಶಾಕಿರ ದಿನಾಲೂ ನಿಮ್ಮ ಖಾನಾಪುರದಿಂದ ಉದ್ಯಮಬಾಗಕ್ಕೆ ಬೈಕಿನ ಮೇಲೆ ಬಂದು ಹೋಗುತ್ತಾನೆ. ನಾಳೆ ಸಂಜೆ ಲಕೋಟೆಯನ್ನು ನಿನ್ನ ಕೈಯಲ್ಲೇ ಕೊಡಬೇಕು, ಅಪ್ಪನ ಕೈಗೆ ಕೊಡಬಾರದು ಎಂದು ಅವನಿಗೆ ಹೇಳಲಿದ್ದೇನೆ.

ಮೊದಲು ಕೆಲಸದ ಮಾತು.

ವಂಶಾವಳಿಯ ಪ್ರೋಗ್ರಾಮು ಯಾಕೆ ತೆರೆಯುತ್ತಿಲ್ಲ ಎಂಬುದು ನನಗೆ ಗೊತ್ತಿದೆ. ಹೊಸ ಆವೃತ್ತಿಯಲ್ಲಿ ದೋಷವಿಲ್ಲ, ನೀನು ಅದನ್ನು ಹಾಕಿದ ರೀತಿಯಲ್ಲೂ ತಪ್ಪಿಲ್ಲ. ಹಿಂದಿನ ಆವೃತ್ತಿಗೆಂದು ನಾನು ಒಂದು ಪ್ಲಗಿನ್, ಅಂದರೆ ಹೊರಗಿನದೊಂದು ಹೆಚ್ಚುವರಿ ತುಣುಕು, ಜೋಡಿಸಿದ್ದೆ. ಪ್ರೋಗ್ರಾಮು ಶುರುವಾಗುವಾಗ ತನಗೆ ಜೋಡಿಸಿದ್ದನ್ನೆಲ್ಲ ಒಂದೊಂದಾಗಿ ಕರೆಯುತ್ತದೆ. ಈ ಹಳೆಯ ಪ್ಲಗಿನ್‌ಗೆ ಹೊಸ ಆವೃತ್ತಿಯ ಜೊತೆ ಹೊಂದಿಕೆಯಾಗುವುದಿಲ್ಲ, ಆದ್ದರಿಂದ ಅಲ್ಲಿಗೇ ಎಲ್ಲವೂ ನಿಂತು ಕಿಟಕಿ ಮುಚ್ಚಿಹೋಗುತ್ತದೆ. ಅದನ್ನು ತೆಗೆದರೆ ಸಾಕು. ಮೊದಲು ಮನೆಯವರ ಮಾಹಿತಿ ಇರುವ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿಕೋ. ಆಮೇಲೆ ಅಡಗಿರುವ ಫೋಲ್ಡರುಗಳು ಕಾಣಲಿ ಎಂಬಲ್ಲಿ ಟಿಕ್ ಹಾಕು. ಪ್ರೋಗ್ರಾಮಿನ ಹೆಸರಿನದೊಂದು ಫೋಲ್ಡರ್ ಕಾಣುತ್ತದೆ, ಅದರೊಳಗೆ ಪ್ಲಗಿನ್‌ಗಳದು, ಅದರೊಳಗೆ ಇಂಗ್ಲಿಷ್ ಅಕ್ಷರದಲ್ಲಿ ನೀಲಾ ಎಂದು ಬರೆದಿರುವುದು. ಅದನ್ನು ಅಳಿಸಿಬಿಡು. ಬೇಡ, ಅಳಿಸಬೇಡ. ಬೇರೆ ಕಡೆ ಎತ್ತಿಡು. ಪ್ರೋಗ್ರಾಮು ತೆರೆಯುತ್ತದೆ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ರವಿವಾರವೇ ಹೇಳಬಹುದಿತ್ತು. ನೀನು ಪರದೆಯ ಫೋಟೊ ಕಳಿಸಿದ ಗಳಿಗೆಯಲ್ಲೇ ನನಗೆ ತಿಳಿದಿತ್ತು. ಇಂಥ ಸಂದೇಶಗಳನ್ನು ಕೆಳಗಿನಿಂದ ಓದಬೇಕು. ಎಲ್ಲಿ ಎಡವಿತು ಎಂಬುದು ಕೊನೆಯ ಸಾಲಿನಲ್ಲಿರುತ್ತದೆ. ನೀನು ಪತ್ತಿನ ಸೊಸೈಟಿಯಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂಡುವವಳು, ಆದರೆ ಅಲ್ಲಿಯ ಪ್ರೋಗ್ರಾಮಿನಲ್ಲಿ ಇಂಥ ಸಾಲುಗಳು ಬರುವುದಿಲ್ಲ. ನೀನು ಅದನ್ನು ಓದಿರಲಾರೆ.

ನಿಜ ಹೇಳಬೇಕೆಂದರೆ ನಾನೂ ಆ ಸಾಲನ್ನು ಮೊದಲು ಓದಲಿಲ್ಲ. ನೀನು ಫೋಟೊ ತೆಗೆದಾಗ ಪರದೆಯ ಕಪ್ಪು ಭಾಗದಲ್ಲಿ ನಿಮ್ಮಿಬ್ಬರ ಮುಖ ಬಿದ್ದಿತ್ತು. ನಿನ್ನದು, ಅಪ್ಪನದು. ಅಪ್ಪ ನಿನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ. ನಗುತ್ತಿದ್ದ. ನಾನು ಫೋಟೊವನ್ನು ದೊಡ್ಡದು ಮಾಡಿ ನೋಡಿದೆ, ಇನ್ನೂ ದೊಡ್ಡದು ಮಾಡಿದೆ. ನಮ್ಮ ಮನೆಯವರು ಬಂದು ಏನದು ಎಂದರು. ಎರರ್ ಓದುತ್ತಿದ್ದೇನೆ ಎಂದೆ.

ಆ ಜಾಗ ನನ್ನದಾಗಿತ್ತು, ಐಶ್ವರ್ಯಾ. ನೀನು ನಮ್ಮ ಮನೆಗೆ ಬರುವ ಮೊದಲಿನ ಮಾತು. ಅವ್ವ ತೀರಿದ ವರ್ಷ ಅಪ್ಪ ಮೋಜಣಿ ಇಲಾಖೆಯ ನೌಕರಿಯಿಂದ ನಿವೃತ್ತನಾದ. ಜೀವನವಿಡೀ ಊರವರ ಹೊಲಗಳ ಗಡಿ ಗುರುತಿಸಿದವನಿಗೆ ಮನೆಯಲ್ಲಿ ಕೂತು ಮಾಡಲು ಏನೂ ಇರಲಿಲ್ಲ. ನಮ್ಮ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗುವ ಹೆಳವರ ಭರಮಣ್ಣ ಅದೇ ಸುಗ್ಗಿಯಲ್ಲಿ ಬಂದಿದ್ದ. ಅಂಗಳದಲ್ಲಿ ಕಂಬಳಿ ಹಾಸಿ, ನಮ್ಮ ಮನೆತನದ ತಲೆತಲಾಂತರದ ಹೆಸರುಗಳನ್ನು ಅವನು ಓದುವುದನ್ನು ನೀನೂ ಒಮ್ಮೆ ನೋಡಿದ್ದೀ. ಗಂಡುಮಕ್ಕಳ ಹೆಸರು ಬಂದಾಗ ದನಿ ಏರುತ್ತದೆ, ಅವರ ಹೆಂಡಿರು ಯಾವ ಊರಿನಿಂದ ಬಂದರು, ಎಷ್ಟು ಮಕ್ಕಳು, ಎಲ್ಲ ಬರುತ್ತದೆ. ಹೆಣ್ಣುಮಗಳ ಹೆಸರು ಬಂದಾಗ ಒಂದೇ ಮಾತು. ‘ಮಗಳು ನೀಲಗಂಗಾ, ಬೆಳಗಾವಿಗೆ ಕೊಟ್ಟೈತಿ.’ ಅಲ್ಲಿಗೆ ನಿಂತಿತು. ನನ್ನ ಮಕ್ಕಳು ಗಂಡನ ಮನೆತನದ ಬೇರೆ ಹೆಳವನ ಪಾಲು.

ಆ ದಿನ ನನ್ನ ಮುಖ ಹೇಗಿತ್ತೋ ಏನೋ, ಅಪ್ಪ ಮರುದಿನವೇ ಹಳೆಯ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟ. ‘ಹೆಳವ ನಿನ್ನ ಒಂದ ಮಾತಿನ್ಯಾಗ ಮುಗಿಸಿ ಹಾಳಿ ಹೊಳ್ಳಸ್ತಾನ. ನಮ್ಮ ಮಷೀನಿನ್ಯಾಗ ನೀನ ಮೊದಲ ಬರಬೇಕು ನೋಡವಾ. ತಗದ ಕೂಡ್ಲೆ ನಿನ್ನ ಮಾರಿ ಕಾಣಬೇಕು’ ಎಂದ. ಆ ಪ್ರೋಗ್ರಾಮಿನಲ್ಲಿ ಅಂಥ ಸೌಲಭ್ಯ ಇರಲಿಲ್ಲ. ಯಾರೋ ಬರೆದು ಅಂತರ್ಜಾಲದಲ್ಲಿ ಹಾಕಿದ್ದ ಪ್ಲಗಿನ್ ಹುಡುಕಿ, ಓದಿ, ತಪ್ಪಿ, ಮತ್ತೆ ಓದಿ ಜೋಡಿಸಿದೆ. ಅಂದಿನಿಂದ ಪ್ರೋಗ್ರಾಮು ತೆರೆದರೆ ಮೊದಲು ನಾನು ಕಾಣುತ್ತಿದ್ದೆ. ಅವ್ವನ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತ ಫೋಟೊ. ನನ್ನಿಂದ ಮೇಲಕ್ಕೆ ಹೋದರೆ ಅಪ್ಪ, ಅಜ್ಜ, ಮುತ್ತಜ್ಜ, ಬಾಜುವಿನಲ್ಲಿ ತಮ್ಮ. ನೀನು ಎತ್ತಿಡಬೇಕಾದದ್ದು ಇದನ್ನೇ.

ಹೊಸ ಆವೃತ್ತಿ ಯಾಕೆ ಹಾಕಿದೆ ಎಂದು ರವಿವಾರ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ನೀನು ದನಿ ತಗ್ಗಿಸಿ, ‘ಮಾವಾರಿಗಿ ಸಣ್ಣ ಅಕ್ಷರ ಕಾಣವಲ್ವುರಿ ಅಕ್ಕಾರ. ಹೊಸಾದರಾಗ ಎಷ್ಟ ಬೇಕಾದಷ್ಟ ದೊಡ್ಡದ ಮಾಡಾಕ ಬರತೈತಿ’ ಎಂದೆ. ನಾನು ತಿಂಗಳಿಗೊಮ್ಮೆ ಬರುತ್ತೇನೆ. ಅಪ್ಪ ನನ್ನ ಮುಂದೆ ಪೇಪರು ಹಿಡಿದು ಕೂಡುತ್ತಾನೆ, ಹಾಳೆ ತಿರುವುತ್ತಾನೆ. ಓದುತ್ತಿದ್ದಾನೆಂದೇ ತಿಳಿದಿದ್ದೆ.

ಆಮೇಲೆ ತಮ್ಮ ಬಸವಪ್ರಸಾದ ಬಾಯಿತಪ್ಪಿ ಹೇಳಿದ: ಡಿಸೆಂಬರಿನಲ್ಲೇ ನೀನು ಅಪ್ಪನನ್ನು ಬೆಳಗಾವಿಯ ಕಣ್ಣಿನ ಆಸ್ಪತ್ರೆಗೆ ಕರೆತಂದಿದ್ದೆ. ದೃಷ್ಟಿಯ ನಟ್ಟನಡುವೆ ಮಬ್ಬು ಕವಿಯುತ್ತಿದೆ, ಚಷ್ಮಾದಿಂದ ಸರಿಹೋಗುವುದಲ್ಲ, ಕಾಣುವಷ್ಟು ದಿನ ದೊಡ್ಡ ಅಕ್ಷರ ಓದಲಿ ಎಂದರಂತೆ ಡಾಕ್ಟರರು. ಆ ಆಸ್ಪತ್ರೆ ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನೀವಿಬ್ಬರೂ ಬಂದಿರಿ, ತೋರಿಸಿದಿರಿ, ಎಲ್ಲೋ ಕೂತು ಊಟ ಮಾಡಿದಿರಿ, ಬಸ್ಸು ಹತ್ತಿ ಹೋದಿರಿ. ನನಗೆ ಹೇಳಬಾರದು ಎಂದು ಅಪ್ಪನೇ ಹೇಳಿದ್ದನಂತೆ. ಇರಬಹುದು. ನನಗೆ ಕಾಳಜಿಯಾಗುತ್ತದೆ ಎಂದಿರಬಹುದು. ಆದರೆ ಅಪ್ಪ ತನ್ನ ಗುಟ್ಟನ್ನು ಮುಚ್ಚಿಟ್ಟದ್ದು ನನ್ನಿಂದ, ಹೇಳಿಕೊಂಡದ್ದು ನಿನಗೆ. ಆ ಊಟಕ್ಕೆ ಏನು ತಿಂದಿರಿ ಎಂದು ಕೂಡ ಯೋಚಿಸಿದ್ದೇನೆ. ಇಷ್ಟು ಸಣ್ಣವಳಾಗಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಅದಕ್ಕೇ ಮೂರು ಸಂಜೆ ನಿನ್ನನ್ನು ಸುತ್ತಿಸಿದೆ. ರವಿವಾರ ಲ್ಯಾಪ್‌ಟಾಪ್ ಬಂದ್ ಮಾಡಿ ಮತ್ತೆ ಹಚ್ಚು ಎಂದೆ. ‘ಇಲ್ಲರಿ ಅಕ್ಕಾರ, ಮಾರಿ ತೋರ್ಸಿ ಓಡಿ ಹೋಗತೈತಿ, ನಿಮ್ಮ ತಮ್ಮ ಸಂತಿ ಚೀಲಾ ಕಂಡ ಕೂಡ್ಲೆ ಓಡಿದಂಗ’ ಎಂದು ನೀನು ಹೇಳಿದಾಗ ಬಸವಪ್ರಸಾದ ಹಿಂದಿನಿಂದ ಕೂಗಿದ: ‘ಕೆಡಿಸಿದಾಕಿ ನೀನ, ನಡುವ ನನ್ನ ಹೆಸರ ಯಾಕ ತಗೀತಿ?’ ಅಪ್ಪನ ನಗು ಕೇಳಿಸಿತು. ನೀವು ಎಷ್ಟು ನಕ್ಕಿರೋ ನನಗೆ ಅಷ್ಟು ಹಟ ಬಂತು. ಸೋಮವಾರ ಹಳೆಯ ಲಾಕ್ ಫೈಲ್ ಉಳಿದು ಅಡ್ಡ ಬರುತ್ತಿರಬಹುದು, ಹುಡುಕಿ ತೆಗೆ ಎಂದೆ. ಅದರಿಂದ ಏನೂ ಆಗದೆಂದು ಗೊತ್ತಿದ್ದೇ ಹೇಳಿದೆ. ನಿನ್ನೆ ಪೂರ್ತಿ ಪ್ರೋಗ್ರಾಮನ್ನೇ ಕಿತ್ತು ಮತ್ತೆ ಹಾಕಿಸಿದೆ. ಪುಟ್ಟ ಸೃಷ್ಟಿ ಊಟಕ್ಕೆಂದು ಅಳುತ್ತಿದ್ದಳು, ನೀನು ಒಂದು ಕೈಯಿಂದ ಅವಳಿಗೆ ಉಣಿಸುತ್ತ ಇನ್ನೊಂದು ಕೈಯಿಂದ ನಾನು ಹೇಳಿದ್ದನ್ನು ಮಾಡುತ್ತಿದ್ದೆ. ‘ಆತರಿ ಅಕ್ಕಾರ. ಮತ್ತ ಅದ ಹಾಡ ಹಾಡಾಕತ್ತೈತಿ’ ಎಂದೆ. ಬೇಸರ ತೋರಿಸಲಿಲ್ಲ. ತೋರಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆಗ ಅಪ್ಪ ಹೇಳಿದ್ದು ನಿನಗೂ ಕೇಳಿಸಿದೆ. ‘ನೀಲಾ, ನಿನಗೂ ತಿಳಿವಲ್ದೇನ?’ ಆಮೇಲೆ ತಾನೇ ಮುಂದುವರಿಸಿದ: ‘ಇರಲಿ ಬಿಡು. ಐಶ್ವರ್ಯಾ ಏನರ ದಾರಿ ಹುಡಕ್ತಾಳ.’

ಒಳ್ಳೆಯತನದಿಂದ ಈ ಕಾಗದ ಬರೆಯುತ್ತಿಲ್ಲ ಎಂಬುದು ನಿನಗೆ ಗೊತ್ತಿರಲಿ. ನೀನು ಹುಡುಕಿಬಿಡುತ್ತೀ ಎಂಬ ಹೆದರಿಕೆಯಿಂದ ಬರೆಯುತ್ತಿದ್ದೇನೆ. ರವಿವಾರ ಭರಮಣ್ಣ ಬರುತ್ತಾನೆ. ಈಗ ಅವನೂ ಫೋನ್ ಮಾಡಿಯೇ ಬರುವುದು. ಅವನು ಓದುವುದನ್ನು ನಮ್ಮ ಮಷೀನಿನಲ್ಲಿರುವುದರ ಜೊತೆ ತಾಳೆ ನೋಡಬೇಕು, ತನ್ನ ಕಣ್ಣಿನಿಂದಲೇ ನೋಡಬೇಕು ಎಂದು ಅಪ್ಪ ಕಾಯುತ್ತಿದ್ದಾನೆ. ಮುಂದಿನ ಸಲ ಅವನು ಬರುವುದು ಎಂದೋ. ಅಷ್ಟು ಹೊತ್ತಿಗೆ ಯಾವ ಅಕ್ಷರವೂ ಸಾಕಷ್ಟು ದೊಡ್ಡದಾಗಿರಲಾರದು.

ಹಳೆಯ ಆವೃತ್ತಿಗೆ ಮರಳಿದರೆ ನನ್ನ ಮುಖ ಬರುತ್ತದೆ, ಅಪ್ಪನಿಗೆ ಅದು ಕಾಣುವುದಿಲ್ಲ. ಹೊಸದರಲ್ಲಿ ಅಪ್ಪನಿಗೆ ಎಲ್ಲ ಕಾಣುತ್ತದೆ, ಮೊದಲು ಬರುವವಳು ನಾನೇ ಎಂಬ ಖಾತ್ರಿಯಿಲ್ಲ. ಮೂರು ದಿನ ನಾನು ಗುದ್ದಾಡಿದ್ದು ಇಷ್ಟರ ಜೊತೆಗೇ.

ಇನ್ನೊಂದು ವಿಷಯ. ಪ್ಲಗಿನ್ ತೆಗೆದ ಮೇಲೆ ಹೊಸ ಪ್ರೋಗ್ರಾಮು ಯಾರಿಂದ ಶುರು ಮಾಡಲಿ ಎಂದು ಒಮ್ಮೆ ಕೇಳುತ್ತದೆ. ಉತ್ತರ ಕೊಡದೆ ಮುಂದೆ ಹೋಗುವುದಿಲ್ಲ. ನೀನಾಗಿ ಯಾರ ಹೆಸರನ್ನೂ ಹಾಕಬೇಡ, ಅಪ್ಪನನ್ನು ಕೇಳು. ಸೃಷ್ಟಿಯ ಹೆಸರು ಹೇಳಿದರೆ ಸೃಷ್ಟಿ. ಅವಳನ್ನೂ ಯಾವನೋ ಹೆಳವ ಮುಂದೊಂದು ದಿನ ಒಂದೇ ಮಾತಿನಲ್ಲಿ ಮುಗಿಸುವವನೇ, ಅದಕ್ಕೆ ಅವಳು ಮೊದಲು ಬಂದರೆ ನನ್ನ ತಕರಾರಿಲ್ಲ. ನಿನ್ನ ಹೆಸರು ಹೇಳಿದರೆ ನಿನ್ನದು. ಅಪ್ಪ ಯಾರ ಹೆಸರು ಹೇಳಿದ ಎಂಬುದನ್ನು ಮಾತ್ರ ನನಗೆ ತಿಳಿಸಬೇಡ.

ಈ ಕಾಗದವನ್ನು ಬಸವಪ್ರಸಾದನಿಗೆ ತೋರಿಸಬೇಡ. ನಕ್ಕುಬಿಡುತ್ತಾನೆ. ಸೃಷ್ಟಿಗೆ ಮುತ್ತು.

ನಿನ್ನ ಮೇಲೆ ಕಾರಣವಿಲ್ಲದೆ ಸಿಟ್ಟಿರುವ,
ನೀಲಗಂಗಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪನ ಫೋನ್ ಬಂತು. ನೀನು ಸೃಷ್ಟಿಯನ್ನು ಕರೆದುಕೊಂಡು ಪೇಟೆಗೆ ಹೋಗಿರುವ ಸಮಯ ನೋಡಿ ಮಾಡಿದನಂತೆ. ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ‘ನೀಲಾ, ಅಕಿಗಿ ಮೊದಲ ದಿನಾನ ತಿಳದೈತಿ. ಎಲ್ಲಾಕಿಂತ ಕೆಳಗ ನಿನ್ನ ಹೆಸರ ಬರದೈತಂತ. ತಗದ ಬಿಡವಾ ಅಂದ್ರ ಕೇಳವಲ್ಲಳು. ಅಕ್ಕಾರು ಇಟ್ಟಿದ್ದು, ಅವರ ಹೇಳೂತನಾ ಮುಟ್ಟೂದಿಲ್ರಿ ಅಂತಾಳ. ನಿಮ್ಮಿಬ್ಬರ ನಡುವ ನಾ ರವಿವಾರ ಹೆಳವನ ಮುಂದ ಕುಲ್ಡ ಆಗಿ ಕುಂದರ್ಲೇನ?’

ಹಾಗಾದರೆ ಕೊನೆಯ ಸಾಲನ್ನು ನೀನು ಓದಿದ್ದೆ. ಓದಿಯೂ ಮಗುವಿಗೆ ಉಣಿಸುತ್ತ ನಾನು ಹೇಳಿದ್ದನ್ನೆಲ್ಲ ಮಾಡಿದೆ. ಇದನ್ನು ತಿಳಿದ ಮೇಲೆ ನಿನ್ನನ್ನು ಸಹಿಸುವುದು ಇನ್ನಷ್ಟು ಕಷ್ಟವಾಗಿದೆ.

ಮುಟ್ಟು. ತೆಗೆ. ರವಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಭರಮಣ್ಣ ಓದುವಾಗ ಟೈಪ್ ಮಾಡುವವಳು ನೀನೇ ಇರು, ನಿನ್ನ ಕೈ ಚುರುಕು. ಅಪ್ಪನ ಪಕ್ಕದ ಕುರ್ಚಿಯಲ್ಲಿ ನಾನು ಕೂಡುತ್ತೇನೆ. ಅದನ್ನು ಬಿಟ್ಟುಕೊಡುವಷ್ಟು ಒಳ್ಳೆಯವಳು ನಾನಿನ್ನೂ ಆಗಿಲ್ಲ.